ಮಗುವಿನ ತಲೆಗೆ ಪೆಟ್ಟು: ಸ್ಕ್ಯಾನಿಗೆ ಮೊದಲು ಏನು?

ನಮ್ಮ ಮನೆಯ ಮಂಚ ನೆಲದಿಂದ ಎರಡು ಅಡಿ ಎತ್ತರ. ಈ ಅಳತೆ ನನಗೆ ಬಾಯಿಪಾಠ. ಮಗಳಿಗೆ 14 ತಿಂಗಳಾಗಿದ್ದಾಗ ಒಂದು ರಾತ್ರಿ ಆ ಮಂಚದಿಂದ ಉರುಳಿ ಬಿದ್ದಳು. ಹಣೆ ನೆಲಕ್ಕೆ ಬಡಿದ ಸದ್ದು ಅಡುಗೆಮನೆಯವರೆಗೂ ಕೇಳಿಸಿತು. ಓಡಿಹೋಗಿ ಎತ್ತಿಕೊಳ್ಳುವಷ್ಟರಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಬುಗುಟು ಎದ್ದಿತ್ತು.

ಹತ್ತಿರದ ಆಸ್ಪತ್ರೆಗೆ ಹೋದೆವು. ಕ್ಯಾಶುವಾಲ್ಟಿಯಲ್ಲಿದ್ದವರು ಮಗುವನ್ನು ಮುಟ್ಟಿ ನೋಡುವ ಮೊದಲೇ ಚೀಟಿಯಲ್ಲಿ ‘ಸಿ.ಟಿ. ಬ್ರೈನ್’ ಅಂತ ಬರೆದರು. ನಿಜ ಹೇಳಬೇಕೆಂದರೆ ಆಗ ನಮಗೆ ಬೇಕಾಗಿದ್ದೂ ಅದೇ. ಒಂದು ಸಲ ಸ್ಕ್ಯಾನ್ ಆಗಿಬಿಟ್ಟರೆ ನಿಶ್ಚಿಂತೆ, ಅಲ್ವಾ? ಆದರೆ ಮಗು ಅಲುಗಾಡದೆ ಮಲಗಬೇಕು, ಅದಕ್ಕೆ ನಿದ್ದೆ ಬರಿಸುವ ಔಷಧ ಕೊಡುತ್ತೇವೆ ಅಂದಾಗ ನನ್ನ ಧೈರ್ಯ ಕುಸಿಯಿತು. ಅಲ್ಲಿಂದ ಮಕ್ಕಳ ಡಾಕ್ಟರೊಬ್ಬರು ರಾತ್ರಿ ಡ್ಯೂಟಿಯಲ್ಲಿದ್ದ ಇನ್ನೊಂದು ಆಸ್ಪತ್ರೆಗೆ ಹೋದೆವು. ಅವರು ಹತ್ತು ನಿಮಿಷ ಬರೀ ಪ್ರಶ್ನೆ ಕೇಳಿದರು. ಎಷ್ಟು ಎತ್ತರದಿಂದ ಬಿದ್ದಳು? ಬಿದ್ದ ಕೂಡಲೇ ಅತ್ತಳಾ, ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಅತ್ತಳಾ? ಈಗ ಎಂದಿನಂತೆ ಇದ್ದಾಳಾ? ಆಮೇಲೆ ತಲೆಯನ್ನು ಬೆರಳ ತುದಿಯಲ್ಲಿ ಇಂಚಿಂಚೂ ತಡವಿ ನೋಡಿದರು. ‘ಇಲ್ಲೇ ಕೂತಿರಿ. ನಾಲ್ಕು ಗಂಟೆ ನೋಡೋಣ’ ಅಂದರು.

‘ಇದಕ್ಕೆ ಆಸ್ಪತ್ರೆಗೆ ಬರಬೇಕಿತ್ತಾ? ಮನೆಯಲ್ಲೂ ನೋಡ್ತಾ ಕೂರಬಹುದಿತ್ತು’ ಅಂತ ನಮ್ಮತ್ತೆ ಗೊಣಗಿದರು. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಆ ಸುಮ್ನೆ ನೋಡುವುದರ ಹಿಂದೆ ಎಷ್ಟು ಲೆಕ್ಕ ಇದೆ ಅಂತ ಗೊತ್ತಾಗಿದ್ದು ಆಮೇಲೆ ಓದಲು ಕೂತಾಗ. ಓದಿದಷ್ಟೂ ಒಂದು ಮಾತು ಗಟ್ಟಿಯಾಯಿತು. ತಲೆಗೆ ಪೆಟ್ಟಾದ ಮಕ್ಕಳ ವಿಷಯದಲ್ಲಿ ನಾವು ಸ್ಕ್ಯಾನ್ ಯಂತ್ರವನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೇವೆ. ಸಣ್ಣ ಪೆಟ್ಟಾದ ಮಗುವಿಗೆ ಬೇಡದಿದ್ದರೂ ಮಾಡಿಸುತ್ತೇವೆ. ದೊಡ್ಡ ಪೆಟ್ಟಾದ ಮಗುವನ್ನು ಹೊತ್ತುಕೊಂಡು ಸ್ಕ್ಯಾನ್ ಎಲ್ಲಿದೆ ಅಂತ ಓಡುತ್ತೇವೆ, ದಾರಿಯಲ್ಲಿ ಅದರ ಉಸಿರನ್ನೇ ಮರೆಯುತ್ತೇವೆ.

ನಲವತ್ತೆರಡು ಸಾವಿರ ಮಕ್ಕಳ ಲೆಕ್ಕ

ಆ ಡಾಕ್ಟರು ಕೇಳಿದ ಪ್ರಶ್ನೆಗಳು ಅವರು ಅಂದಾಜಿಗೆ ಕೇಳಿದವಲ್ಲ. ಅಮೆರಿಕದ ಮಕ್ಕಳ ತುರ್ತು ಚಿಕಿತ್ಸಾ ವಿಭಾಗಗಳು ಸೇರಿ ಕಟ್ಟಿಕೊಂಡ ‘ಪೆಕಾರ್ನ್’ ಎಂಬ ಸಂಶೋಧನಾ ಜಾಲ ಇದೆ. ಅದು 25 ಆಸ್ಪತ್ರೆಗಳಲ್ಲಿ 42,412 ಮಕ್ಕಳನ್ನು ಗಮನಿಸಿ 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಎಲ್ಲರೂ ಪೆಟ್ಟಾಗಿ 24 ಗಂಟೆಯೊಳಗೆ ಬಂದವರು, ಎಚ್ಚರ ಹೆಚ್ಚೂಕಮ್ಮಿ ಸರಿಯಾಗಿಯೇ ಇದ್ದವರು. ಇವರಲ್ಲಿ ಶೇ 35ರಷ್ಟು ಮಕ್ಕಳಿಗೆ ಸಿ.ಟಿ. ಸ್ಕ್ಯಾನ್ ಆಗಿತ್ತು. ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದಂಥ ಮಿದುಳಿನ ಗಾಯ ಇದ್ದದ್ದು 376 ಮಕ್ಕಳಲ್ಲಿ. ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ಮಿದುಳಿನ ಆಪರೇಷನ್ ಬೇಕಾಗಿದ್ದು 60 ಮಕ್ಕಳಿಗೆ.

ಆ 376 ಮಕ್ಕಳನ್ನು ಸ್ಕ್ಯಾನ್ ಇಲ್ಲದೆ ಮೊದಲೇ ಗುರುತಿಸಬಹುದಿತ್ತಾ? ಇದೇ ಅವರ ಪ್ರಶ್ನೆ. ಅದಕ್ಕೆ ಸಿಕ್ಕ ಉತ್ತರವೇ ಇವತ್ತು ಜಗತ್ತಿನ ಎಷ್ಟೋ ಕ್ಯಾಶುವಾಲ್ಟಿಗಳಲ್ಲಿ ಬಳಕೆಯಲ್ಲಿರುವ ನಿಯಮ.

ಎರಡು ವರ್ಷದೊಳಗಿನ ಮಗುವಿಗೆ ಆರು ವಿಷಯ ನೋಡುತ್ತಾರೆ. ಮೊದಲ ಎರಡು ಗಂಭೀರ: ಎಚ್ಚರದಲ್ಲಿ ಏರುಪೇರು ಇದೆಯಾ, ಬುರುಡೆ ಮುರಿದದ್ದು ಕೈಗೆ ಸಿಗುತ್ತದಾ. ಇವುಗಳಲ್ಲಿ ಒಂದಿದ್ದರೂ ಗಾಯದ ಸಾಧ್ಯತೆ ಶೇ 4.4. ಆಗ ಸ್ಕ್ಯಾನ್ ಮಾಡಿಸಲೇಬೇಕು, ಚರ್ಚೆ ಬೇಡ. ಉಳಿದ ನಾಲ್ಕು ಹೀಗಿವೆ: ಹಣೆ ಬಿಟ್ಟು ತಲೆಯ ಬೇರೆ ಕಡೆ ಬುಗುಟು, ಐದು ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಜ್ಞಾನ ತಪ್ಪಿದ್ದು, ಮೂರು ಅಡಿಗಿಂತ ಎತ್ತರದಿಂದ ಬಿದ್ದಂಥ ಜೋರು ಪೆಟ್ಟು, ‘ಮಗು ಎಂದಿನಂತೆ ಇಲ್ಲ’ ಅಂತ ಹೆತ್ತವರು ಹೇಳುವುದು. ಇವುಗಳಲ್ಲಿ ಒಂದಿದ್ದರೆ ಸಾಧ್ಯತೆ ಶೇ 0.9ರ ಆಸುಪಾಸು. ಇಲ್ಲಿ ಕಾದು ನೋಡಬಹುದು. ಎರಡು ಮೂರು ಲಕ್ಷಣ ಒಟ್ಟಿಗೆ ಇದ್ದರೆ, ಹೊತ್ತು ಹೋದಂತೆ ಜಾಸ್ತಿಯಾದರೆ, ಅಥವಾ ಮಗುವಿಗೆ ಮೂರು ತಿಂಗಳೂ ತುಂಬಿಲ್ಲದಿದ್ದರೆ ಡಾಕ್ಟರು ಸ್ಕ್ಯಾನ್ ಕಡೆ ವಾಲುತ್ತಾರೆ. ಆರರಲ್ಲಿ ಒಂದೂ ಇಲ್ಲದಿದ್ದರೆ ಸಾಧ್ಯತೆ ಹತ್ತು ಸಾವಿರಕ್ಕೆ ಎರಡಕ್ಕಿಂತ ಕಡಿಮೆ.

ಎರಡು ವರ್ಷ ದಾಟಿದವರಿಗೆ ಪಟ್ಟಿ ಸ್ವಲ್ಪ ಬೇರೆ. ವಾಂತಿ ಮತ್ತು ಜೋರು ತಲೆನೋವು ಅದರಲ್ಲಿ ಸೇರುತ್ತವೆ. ಎತ್ತರದ ಗಡಿ ಐದು ಅಡಿಗೆ ಏರುತ್ತದೆ. ಕೈಗೆ ಸಿಗುವ ಮುರಿತದ ಬದಲು ಬುರುಡೆಯ ತಳ ಮುರಿದಿರುವ ಗುರುತು ಹುಡುಕುತ್ತಾರೆ: ಕಿವಿಯಿಂದ ರಕ್ತ, ಮೂಗಿನಿಂದ ನೀರಿನಂಥ ದ್ರವ, ಕಿವಿಯ ಹಿಂದೆ ನೀಲಿ, ಎರಡೂ ಕಣ್ಣಿನ ಸುತ್ತ ಕಪ್ಪು.

ಈಗ ನಮ್ಮ ಮನೆಯ ಮಂಚಕ್ಕೆ ಬನ್ನಿ. ಎತ್ತರ ಎರಡು ಅಡಿ, ಮೂರರ ಒಳಗೆ. ಬಿದ್ದ ತಕ್ಷಣ ಕಿರುಚಿದ್ದಳು, ಅಂದರೆ ಜ್ಞಾನ ತಪ್ಪಿಲ್ಲ. ಬುಗುಟು ಎದ್ದದ್ದು ಹಣೆಯಲ್ಲಿ. ನನ್ನ ಕಣ್ಣಿಗೆ ಅತಿ ಭಯಂಕರವಾಗಿ ಕಂಡದ್ದು ಆ ನಿಂಬೆಹಣ್ಣು. ನಿಯಮದ ಕಣ್ಣಿಗೆ ಅದು ಲೆಕ್ಕಕ್ಕೇ ಇಲ್ಲ! ಕಿವಿಯ ಮೇಲಿನ ಪಕ್ಕದಲ್ಲಿ, ಬೆರಳಿಗೆ ಹೂವಿನಂತೆ ಮೆತ್ತಗೆ ಸಿಗುವ ಸಣ್ಣ ಊತ ಇದಕ್ಕಿಂತ ಅಪಾಯ. ಅಲ್ಲಿ ಮೂಳೆ ತೆಳು, ಅದರ ಕೆಳಗೇ ಒಂದು ರಕ್ತನಾಳ ಹಾದುಹೋಗುತ್ತದೆ. ಕೂದಲ ಮರೆಯಲ್ಲಿರುವ ಆ ಊತ ಎಷ್ಟೋ ಸಲ ಮನೆಯವರ ಕಣ್ಣಿಗೆ ಬಿದ್ದಿರುವುದಿಲ್ಲ. ಡಾಕ್ಟರು ತಲೆಯನ್ನು ಇಂಚಿಂಚೂ ತಡವಿದ್ದು ಇದಕ್ಕೆ.

ವಾಂತಿಯ ಬಗ್ಗೆ ಒಂದು ಮಾತು. ‘ಬಿದ್ದ ಮೇಲೆ ವಾಂತಿ ಆಯ್ತು’ ಅಂದರೆ ಎಲ್ಲರ ಎದೆಯೂ ಧಸಕ್ಕನ್ನುತ್ತದೆ. ಆದರೆ ಮಕ್ಕಳು ಅತ್ತರೂ ವಾಂತಿ ಮಾಡುತ್ತಾರೆ, ಹೆದರಿದರೂ ಮಾಡುತ್ತಾರೆ. ಬೇರೆ ಯಾವ ಲಕ್ಷಣವೂ ಇಲ್ಲದೆ ಬರೀ ವಾಂತಿ ಆಗಿದ್ದ ಮಕ್ಕಳನ್ನು ಅದೇ ಅಧ್ಯಯನದಿಂದ ಬೇರೆ ಮಾಡಿ ನೋಡಿದಾಗ, ಗಂಭೀರ ಗಾಯ ಇದ್ದದ್ದು ಸಾವಿರಕ್ಕೆ ಸುಮಾರು ಇಬ್ಬರಲ್ಲಿ.

ಈ ಪಟ್ಟಿಯಲ್ಲಿ ನನಗೆ ತುಂಬ ಹಿಡಿಸಿದ್ದು ಹೆತ್ತವರ ಮಾತು. ‘ಮಗು ಎಂದಿನಂತೆ ಇದೆಯಾ?’ ಇದಕ್ಕೆ ಯಾವ ಯಂತ್ರವೂ ಉತ್ತರ ಕೊಡಲಾರದು. ಅಪರಿಚಿತ ಡಾಕ್ಟರಿಗೆ ನಿಮ್ಮ ಮಗುವಿನ ಎಂದಿನ ರೀತಿ ಗೊತ್ತಿರುವುದಿಲ್ಲ. ಆದರೆ ನಮ್ಮಲ್ಲಿ ಆಗುವುದೇನು? ಮಗು ಬಿದ್ದಾಗ ಮನೆಯಲ್ಲಿದ್ದದ್ದು ಅಜ್ಜಿ. ಆಸ್ಪತ್ರೆಗೆ ಎತ್ತಿಕೊಂಡು ಬಂದದ್ದು ಪಕ್ಕದ ಮನೆಯ ಹುಡುಗ, ಅಥವಾ ಕೆಲಸದಿಂದ ಆಗತಾನೇ ಓಡಿಬಂದ ಅಪ್ಪ. ಕಣ್ಣಾರೆ ಕಂಡವರು ಊರಲ್ಲೇ ಉಳಿದಿರುತ್ತಾರೆ. ದಯವಿಟ್ಟು ಆ ಅಜ್ಜಿಯನ್ನೂ ಗಾಡಿಗೆ ಹತ್ತಿಸಿಕೊಳ್ಳಿ. ಆಗದಿದ್ದರೆ ಫೋನಿನಲ್ಲಾದರೂ ಡಾಕ್ಟರ ಜೊತೆ ಮಾತಾಡಿಸಿ.

ಸ್ಕ್ಯಾನ್ ಮಾಡಿಸಿದರೆ ಏನಂತೆ ನಷ್ಟ?

ಇದು ನ್ಯಾಯವಾದ ಪ್ರಶ್ನೆ. ದುಡ್ಡು ಹೋದರೆ ಹೋಗಲಿ, ಮಗು ಮುಖ್ಯ ಅಂತ ಯಾರಾದರೂ ಅನ್ನುತ್ತಾರೆ. ನಷ್ಟ ಇರುವುದು ವಿಕಿರಣದಲ್ಲಿ. ಸಿ.ಟಿ. ಅಂದರೆ ಸುತ್ತಲಿನಿಂದ ತೆಗೆಯುವ ಎಕ್ಸ್‌ರೇಗಳ ಸರಮಾಲೆ. ಬೆಳೆಯುವ ಮಕ್ಕಳ ಜೀವಕೋಶಗಳು ಬೇಗ ಬೇಗ ಒಡೆದು ಹೆಚ್ಚುತ್ತಿರುತ್ತವೆ, ಹಾಗಾಗಿ ವಿಕಿರಣದ ಪೆಟ್ಟು ಅವಕ್ಕೆ ಜಾಸ್ತಿ ತಾಗುತ್ತದೆ. ಮುಂದೆ ಬದುಕಬೇಕಾದ ವರ್ಷಗಳೂ ಹೆಚ್ಚು. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಚಿಕ್ಕವರಾಗಿದ್ದಾಗ ಸಿ.ಟಿ. ಮಾಡಿಸಿಕೊಂಡಿದ್ದವರ ದಾಖಲೆಗಳನ್ನು ಜೋಡಿಸಿ ಒಂದು ಅಂದಾಜು ಕೊಟ್ಟರು. ಹತ್ತು ವರ್ಷದೊಳಗಿನ 10,000 ಮಕ್ಕಳಿಗೆ ತಲೆಯ ಸಿ.ಟಿ. ಮಾಡಿದರೆ, ಮುಂದಿನ ಹತ್ತು ವರ್ಷಗಳಲ್ಲಿ ಒಂದು ರಕ್ತದ ಕ್ಯಾನ್ಸರ್ ಮತ್ತು ಒಂದು ಮಿದುಳಿನ ಗಡ್ಡೆ ಹೆಚ್ಚಾಗಿ ಬರಬಹುದು.

ಹತ್ತು ಸಾವಿರಕ್ಕೆ ಎರಡು. ತೀರಾ ಸಣ್ಣ ಅಪಾಯ. ಆದರೆ ಈ ಸಂಖ್ಯೆಯನ್ನು ಮೇಲೆ ನೋಡಿದ್ದೀರಿ. ಯಾವ ಲಕ್ಷಣವೂ ಇಲ್ಲದ ಪುಟ್ಟ ಮಗುವಿನಲ್ಲಿ ಗಂಭೀರ ಗಾಯ ಸಿಗುವ ಸಾಧ್ಯತೆಯೂ ಹತ್ತು ಸಾವಿರಕ್ಕೆ ಎರಡಕ್ಕಿಂತ ಕಡಿಮೆ. ಅಂದರೆ ಇಂಥ ಮಗುವಿಗೆ ‘ನಿಶ್ಚಿಂತೆಗೆ’ ಸ್ಕ್ಯಾನ್ ಮಾಡಿಸಿದರೆ ತಪ್ಪಿಸುವ ಅಪಾಯ, ತಂದುಕೊಳ್ಳುವ ಅಪಾಯ ಎರಡೂ ಒಂದೇ ತೂಕದವು. ಬುರುಡೆ ಮುರಿದ ಗುರುತಿರುವ ಮಗುವಿನ ಲೆಕ್ಕವೇ ಬೇರೆ. ಅಲ್ಲಿ ಹತ್ತು ಸಾವಿರಕ್ಕೆ 440ರ ಎದುರು ಎರಡು. ಅಂಥ ಮಗುವಿಗೆ ಸ್ಕ್ಯಾನ್ ಹೇಳಿದಾಗ ‘ವಿಕಿರಣ ಬೇಡ’ ಅಂತ ಹಟ ಹಿಡಿಯುವುದೂ ತಪ್ಪು. ಈ ಲೇಖನ ಓದಿ ಯಾರೂ ಹಾಗೆ ಮಾಡಬಾರದು.

ಸ್ಕ್ಯಾನ್ ಬೇಕೇ ಬೇಕು ಅಂದಾಗ ಎರಡು ವಿಷಯ ಕೇಳಿ. ಒಂದು, ಯಂತ್ರವನ್ನು ಮಕ್ಕಳ ಡೋಸಿಗೆ ಇಳಿಸಿದ್ದಾರಾ? 2008ರಲ್ಲಿ ಶುರುವಾದ ‘ಇಮೇಜ್ ಜೆಂಟ್ಲಿ’ ಎಂಬ ಅಂತರರಾಷ್ಟ್ರೀಯ ಆಂದೋಲನದ ಒತ್ತಾಯ ಇದೇ. ದೊಡ್ಡವರ ಸೆಟ್ಟಿಂಗಿನಲ್ಲಿ ಮಗುವನ್ನು ಮಲಗಿಸಬಾರದು. ಇನ್ನೊಂದು, ಸಿ.ಡಿ. ಮತ್ತು ಫಿಲ್ಮ್ ಕೈಗೆ ತೆಗೆದುಕೊಳ್ಳಿ. ದೊಡ್ಡ ಆಸ್ಪತ್ರೆಗೆ ಕಳಿಸಿದಾಗ ಬರೀ ರಿಪೋರ್ಟ್ ಹಿಡಿದು ಹೋದರೆ ಅಲ್ಲಿ ಮತ್ತೆ ಸ್ಕ್ಯಾನ್ ಆಗುವುದು ಖಂಡಿತ ಅನ್ನಿ.

ಹಾಗಾದರೆ ಬರೀ ಎಕ್ಸ್‌ರೇ ಸಾಕಾ? ಸಾಲದು. ಬುರುಡೆಯ ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆ, ಮಿದುಳನ್ನಲ್ಲ. ಮೂಳೆ ಮುರಿಯದೆಯೂ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಎಕ್ಸ್‌ರೇ ಚೆನ್ನಾಗಿದೆ ಅಂತ ಮನೆಗೆ ಹೋಗುವುದು ಸುಳ್ಳು ಸಮಾಧಾನ.

ಕಾಯುವುದಕ್ಕೆ ಬಿಲ್ ಇಲ್ಲ

ಅಮೆರಿಕದಲ್ಲಿ ನೂರರಲ್ಲಿ 35 ಮಕ್ಕಳಿಗೆ ಸ್ಕ್ಯಾನ್ ಆಗಿತ್ತು ಅಂದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಇಂಥದ್ದೇ 20,137 ಮಕ್ಕಳ ಅಧ್ಯಯನ ನಡೆದು 2017ರಲ್ಲಿ ಪ್ರಕಟವಾಯಿತು. ಅಲ್ಲಿ ಸ್ಕ್ಯಾನ್ ಆಗಿದ್ದು ನೂರಕ್ಕೆ ಹತ್ತು ಮಕ್ಕಳಿಗೆ. ಪೆಕಾರ್ನ್ ನಿಯಮ, ಕೆನಡಾದ ನಿಯಮ, ಬ್ರಿಟನ್ನಿನ ನಿಯಮ ಮೂರನ್ನೂ ಒಟ್ಟಿಗೆ ಪರೀಕ್ಷೆಗೆ ಹಚ್ಚಿದಾಗ ಪೆಕಾರ್ನ್ ಅತಿ ಕಡಿಮೆ ಮಕ್ಕಳನ್ನು ಕೈತಪ್ಪಿಸಿಕೊಂಡಿತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಈ 35 ಮತ್ತು 10ರ ನಡುವಿನ ಅಂತರ. ಮಕ್ಕಳು ಬೀಳುವುದರಲ್ಲಿ ಅಷ್ಟು ವ್ಯತ್ಯಾಸ ಇರಲಾರದು. ಕಾಯುವ ರೂಢಿಯಲ್ಲಿ ಇದೆ.

ನಮ್ಮಲ್ಲಿ ಆ ರೂಢಿ ಯಾಕೆ ಕಷ್ಟ? ಮೊದಲನೆಯದು ದುಡ್ಡಿನ ಮಾತು. ಸ್ಕ್ಯಾನಿಗೆ ಬಿಲ್ ಇದೆ, ಕಾಯುವುದಕ್ಕೆ ಇಲ್ಲ. ಕಾಯಬೇಕಾದರೆ ಹಾಸಿಗೆ ಬೇಕು, ಅರ್ಧ ಗಂಟೆಗೊಮ್ಮೆ ಬಂದು ಕಣ್ಣಿನ ಪಾಪೆ, ನಾಡಿ, ಎಚ್ಚರ ನೋಡುವ ನರ್ಸ್ ಬೇಕು. ತುಂಬಿ ತುಳುಕುವ ಸರ್ಕಾರಿ ಕ್ಯಾಶುವಾಲ್ಟಿಯಲ್ಲಿ ಒಂದು ಹಾಸಿಗೆಯನ್ನು ನಾಲ್ಕು ಗಂಟೆ ‘ಏನೂ ಆಗದ’ ಮಗುವಿಗೆ ಕೊಡುವುದು ಸುಲಭವಲ್ಲ. ಎರಡನೆಯದು ಭಯ. ವೈದ್ಯಕೀಯ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯ ಕೆಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ರೋಗಿಗಳ ಪಾಲಿಗೆ ಅದು ಒಳ್ಳೆಯ ತೀರ್ಪೇ. ಆದರೆ ‘ಸ್ಕ್ಯಾನ್ ಯಾಕೆ ಮಾಡಿಸಲಿಲ್ಲ’ ಅಂತ ನಾಳೆ ಯಾರಾದರೂ ಕೇಳಿದರೆ ಡಾಕ್ಟರ ಕೈಯಲ್ಲಿ ಒಂದು ಹಾಳೆ ಇರಬೇಕಲ್ಲ? ಕೆಲವೊಮ್ಮೆ ಫಿಲ್ಮ್ ತೆಗೆಯುವುದು ಮಗುವಿಗಾಗಿ ಅಲ್ಲ, ಫೈಲಿಗಾಗಿ. ಸ್ಕ್ಯಾನ್ ಬರೆಯದ ಡಾಕ್ಟರನ್ನು ಕೆಲಸ ಗೊತ್ತಿಲ್ಲದವರು ಅನ್ನುವ ನಾವೂ ಇದರಲ್ಲಿ ಪಾಲುದಾರರೇ.

ಮೂರನೆಯದು ನಿಜವಾದ ಮಿತಿ. ಪೆಕಾರ್ನ್ ನಿಯಮ 24 ಗಂಟೆಯೊಳಗೆ ಬಂದ ಮಕ್ಕಳಿಗೆ ಮಾಡಿದ್ದು. ನಮ್ಮಲ್ಲಿ ‘ನಿನ್ನೆ ಸಂಜೆ ಬಿದ್ದ, ಇವತ್ತು ಮಂಪರು’ ಅಂತ ಬರುವ ಮಕ್ಕಳಿಗೆ ಅದು ನೇರವಾಗಿ ಹೊಂದುವುದಿಲ್ಲ. ಇನ್ನೂ ಒಂದು ವಿಷಯ. ಕಾದು ಮನೆಗೆ ಕಳಿಸುವುದು ಅಂದರೆ ಏನಾದರೂ ಆದರೆ ತಕ್ಷಣ ವಾಪಸ್ ಬರಬಹುದು ಅನ್ನುವ ನಂಬಿಕೆ. ಜಯನಗರದ ಮನೆಯಿಂದ ಅದು ಸಾಧ್ಯ. ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಹಾಡಿಗೆ ರಾತ್ರಿ ಗಾಡಿ ಎಲ್ಲಿ? ಅಂಥ ಮಗುವನ್ನು ಬೆಳಗಿನ ತನಕ ವಾರ್ಡಿನಲ್ಲೇ ಇರಿಸಿಕೊಳ್ಳುವ ಡಾಕ್ಟರು, ನಿಯಮ ಏನೇ ಹೇಳಲಿ, ಸರಿಯಾದ ಕೆಲಸ ಮಾಡುತ್ತಿದ್ದಾರೆ.

ಕಾಯುವಾಗ ಅವರು ನೋಡುವುದೇನು? ಎಚ್ಚರಕ್ಕೆ ಅಂಕ ಕೊಡುವ ‘ಗ್ಲಾಸ್ಗೋ ಕೋಮಾ ಸ್ಕೇಲ್’ 1974ರಲ್ಲಿ ಬಂತು. 3ರಿಂದ 15ರವರೆಗೆ ಅಂಕ. ಕಣ್ಣು ಬಿಡುವುದು, ಮಾತು, ಕೈಕಾಲಿನ ಚಲನೆ ಈ ಮೂರರ ಮೊತ್ತ. ಆದರೆ ಮಾತೇ ಬಾರದ ಕೂಸಿಗೆ ಮಾತಿನ ಅಂಕ ಕೊಡುವುದು ಹೇಗೆ? ಅದಕ್ಕೆ ಬೇರೆ ಅಳತೆ ಮಾಡಿಕೊಂಡಿದ್ದಾರೆ. ಗುಟುರು ಹಾಕುತ್ತಾ ತೊದಲಿದರೆ ಐದಕ್ಕೆ ಐದು. ಅತ್ತರೂ ಎತ್ತಿಕೊಂಡಾಗ ಸಮಾಧಾನ ಆದರೆ ನಾಲ್ಕು. ನಮ್ಮ ಮಗಳು ಆ ರಾತ್ರಿ ನರ್ಸಿನ ಟಾರ್ಚ್ ಕಿತ್ತುಕೊಳ್ಳಲು ನೋಡಿದಳು. ‘ಹದಿನೈದಕ್ಕೆ ಹದಿನಾರು’ ಅಂತ ನರ್ಸ್ ನಕ್ಕರು.

ಇಷ್ಟು ಕಾಯುವುದಕ್ಕೆ ಇನ್ನೊಂದು ಕಾರಣ ಇದೆ. ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ಸೋರಿದರೆ, ಕೆಲವು ಮಕ್ಕಳು ಬಿದ್ದ ಮೇಲೆ ಎದ್ದು ಆಡುತ್ತಾರೆ. ಊಟ ಕೂಡ ಮಾಡುತ್ತಾರೆ. ಕೆಲವು ಗಂಟೆ ಕಳೆದ ಮೇಲೆ ಇದ್ದಕ್ಕಿದ್ದಂತೆ ಮಂಕಾಗುತ್ತಾರೆ. ಹೀಗಾದ ಮಗುವಿಗೆ ಬೇಗ ಆಪರೇಷನ್ ಆದರೆ ಪೂರ್ತಿ ಚೇತರಿಸಿಕೊಳ್ಳಬಹುದು, ತಡವಾದರೆ ಇಲ್ಲ.

‘ತಲೆಗೆ ಪೆಟ್ಟಾದರೆ ಮಲಗಿಸಬಾರದು’ ಎಂಬ ನಂಬಿಕೆ ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ನಿದ್ದೆ ಮಿದುಳಿಗೆ ಕೆಡುಕು ಮಾಡುವುದಿಲ್ಲ. ನಿದ್ದೆಯಲ್ಲಿರುವ ಮಗು ಮಂಕಾದರೆ ನಮಗೆ ಗೊತ್ತಾಗುವುದಿಲ್ಲ, ಅಷ್ಟೇ ವಿಷಯ. ರಾತ್ರಿ ಹತ್ತಕ್ಕೆ ಬಿದ್ದ ಮಗುವಿಗೆ ನಿದ್ದೆ ಬರುವುದು ಸಹಜ. ಡಾಕ್ಟರು ನೋಡಿ ಸರಿ ಇದೆ ಅಂದ ಮೇಲೆ ಮಲಗಲಿ ಬಿಡಿ. ಎಬ್ಬಿಸಿದಾಗ ಎಂದಿನಂತೆ ರಗಳೆ ಮಾಡಿದರೆ ಒಳ್ಳೆಯದು. ಎಬ್ಬಿಸಿದರೂ ಏಳದಿದ್ದರೆ, ವಾಂತಿ ಮತ್ತೆ ಮತ್ತೆ ಆದರೆ, ತಲೆನೋವು ಏರುತ್ತಾ ಹೋದರೆ, ಫಿಟ್ಸ್ ಬಂದರೆ, ನಡಿಗೆ ಓಲಾಡಿದರೆ, ಒಂದು ಕೈಯೋ ಕಾಲೋ ಸೋತರೆ, ಕೂಸು ಹಾಲು ಕುಡಿಯದಿದ್ದರೆ ಅಥವಾ ನೆತ್ತಿ ಉಬ್ಬಿದರೆ ಕೂಡಲೇ ಆಸ್ಪತ್ರೆ. ಬೆಳಗಾಗಲಿ ಅಂತ ಕಾಯಬೇಡಿ.

ದೊಡ್ಡ ಪೆಟ್ಟಿನಲ್ಲಿ ಲೆಕ್ಕ ತಲೆಕೆಳಗು

ಇಲ್ಲಿಯವರೆಗೆ ಹೇಳಿದ್ದು ಎಚ್ಚರವಾಗಿರುವ ಮಕ್ಕಳ ಮಾತು. ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿದ್ದ ಆರು ವರ್ಷದ ಹುಡುಗ ಹೆದ್ದಾರಿಯಲ್ಲಿ ಎಸೆಯಲ್ಪಟ್ಟಿದ್ದಾನೆ ಅಂದುಕೊಳ್ಳಿ. ಜ್ಞಾನ ಇಲ್ಲ, ಗೊರಕೆಯಂಥ ಉಸಿರು. ತಾಲ್ಲೂಕು ಆಸ್ಪತ್ರೆಗೆ ತಂದಿದ್ದಾರೆ. ಅಲ್ಲಿ ಸಿ.ಟಿ. ಇಲ್ಲ, ಮಿದುಳಿನ ಸರ್ಜನ್ ಇಲ್ಲ. ನಮ್ಮಲ್ಲಿ ಆಗ ಬರುವ ಮೊದಲ ಮಾತು ‘ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ’. ಕಲ್ಯಾಣ ಕರ್ನಾಟಕದ ಕಡೆಯಾದರೆ ಹೈದರಾಬಾದಿಗೆ, ಯಾಕಂದರೆ ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್. ಕಳಿಸುವುದು ತಪ್ಪಲ್ಲ, ಕಳಿಸಲೇಬೇಕು. ಹೇಗೆ ಕಳಿಸುತ್ತಾರೆ ಎಂಬುದರ ಮೇಲೆ ಆ ಹುಡುಗನ ಮಿದುಳು ನಿಂತಿದೆ.

ಮಿದುಳಿಗೆ ಎರಡು ಸಲ ಪೆಟ್ಟು ಬೀಳುತ್ತದೆ. ಮೊದಲನೆಯದು ರಸ್ತೆಯಲ್ಲಿ. ಅದನ್ನು ಯಾವ ಡಾಕ್ಟರೂ ವಾಪಸ್ ಪಡೆಯಲಾರರು. ಎರಡನೆಯದು ಮುಂದಿನ ಗಂಟೆಗಳಲ್ಲಿ. ಆಕ್ಸಿಜನ್ ಕಡಿಮೆಯಾಗಿ, ರಕ್ತದೊತ್ತಡ ಬಿದ್ದು, ಊದಿಕೊಂಡ ಮಿದುಳಿಗೆ ರಕ್ತವೇ ತಲುಪದೆ ಆಗುವ ಹಾನಿ. ಇದನ್ನು ತಡೆಯಬಹುದು. ಅದಕ್ಕೆ ಸ್ಕ್ಯಾನ್ ಬೇಡ.

ಬೇಕಾಗಿರುವುದು ತೀರಾ ಸಾಮಾನ್ಯ ಸಾಮಾನು. ಪುಟ್ಟ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಹುಟ್ಟಿದ ಕೂಸಿನ ಉದ್ದದಲ್ಲಿ ಕಾಲುಭಾಗ ತಲೆಯೇ. ಹಿಂದಲೆ ಉಬ್ಬಿರುತ್ತದೆ. ಹಾಗಾಗಿ ಸಪಾಟು ಹಲಗೆಯ ಮೇಲೆ ಮಲಗಿಸಿದರೆ ಕುತ್ತಿಗೆ ಮುಂದಕ್ಕೆ ಬಾಗಿ ಉಸಿರಿನ ದಾರಿ ಮುಚ್ಚುತ್ತದೆ. ಭುಜದ ಕೆಳಗೆ ಮಡಚಿದ ಒಂದು ಟವೆಲ್ ಇಟ್ಟರೆ ದಾರಿ ತೆರೆಯುತ್ತದೆ. ಕುತ್ತಿಗೆಯ ಮೂಳೆಗೂ ಪೆಟ್ಟಾಗಿರಬಹುದು, ಆದ್ದರಿಂದ ಅದು ಅಲುಗದಂತೆ ಹಿಡಿಯಬೇಕು. ಬಾಯಲ್ಲಿರುವ ರಕ್ತ, ವಾಂತಿ ತೆಗೆದು ಆಕ್ಸಿಜನ್ ಕೊಡಬೇಕು. ಎಚ್ಚರದ ಅಂಕ 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಾಯಿಯಿಂದ ಉಸಿರುನಾಳಕ್ಕೆ ಟ್ಯೂಬ್ ಹಾಕುವುದು ರೂಢಿ. ಹಾಕಲು ಬರುವವರು ಇಲ್ಲದಿದ್ದರೆ ಮಾಸ್ಕ್ ಮತ್ತು ಬ್ಯಾಗಿನಿಂದ ನಿಧಾನಕ್ಕೆ ಉಸಿರು ಕೊಡುತ್ತಾ ಕರೆದೊಯ್ಯಬಹುದು. ‘ನಿಧಾನಕ್ಕೆ’ ಎಂಬುದು ಮುಖ್ಯ. ಗಾಬರಿಯಲ್ಲಿ ಬ್ಯಾಗನ್ನು ಪಟಪಟ ಒತ್ತಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕುಸಿದು ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ. ಒಳ್ಳೆಯದು ಮಾಡಲು ಹೋಗಿ ಮಿದುಳಿಗೆ ರಕ್ತ ತಪ್ಪಿಸಿದಂತಾಗುತ್ತದೆ.

ಅಮೆರಿಕದ ಅರಿಝೋನಾ ರಾಜ್ಯದಲ್ಲಿ ಆಂಬುಲೆನ್ಸ್ ಸಿಬ್ಬಂದಿಗೆ ಇದನ್ನೇ ಕಲಿಸಿದರು. ಆಕ್ಸಿಜನ್ ಇಳಿಯಬಾರದು, ಬಿಪಿ ಇಳಿಯಬಾರದು, ಉಸಿರು ಅತಿಯಾಗಿ ಕೊಡಬಾರದು. ಮೂರೇ ಪಾಠ. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಿದುಳಿಗೆ ಗಂಭೀರ ಗಾಯವಾಗಿದ್ದವರಲ್ಲಿ ಬದುಕುಳಿಯುವ ಸಂಭವ ಸುಮಾರು ಎರಡು ಪಟ್ಟಾಯಿತು. ಹೊಸ ಔಷಧ ಇಲ್ಲ, ಹೊಸ ಯಂತ್ರ ಇಲ್ಲ. ಕರ್ನಾಟಕದಲ್ಲಿ 2008ರಿಂದ ಓಡುತ್ತಿರುವ 108 ಆಂಬುಲೆನ್ಸುಗಳಿಗೆ ಈ ಮೂರು ಪಾಠ ಹೇಳಿಕೊಡುವುದು ಜಿಲ್ಲೆಗೊಂದು ಹೊಸ ಸ್ಕ್ಯಾನರ್ ತರುವುದಕ್ಕಿಂತ ಅಗ್ಗ. ಹೆಚ್ಚು ಮಕ್ಕಳನ್ನು ಉಳಿಸುವುದೂ ಅದೇ ಅಂತ ನನ್ನ ಅಂದಾಜು.

ಬಿಪಿಯ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು, ಮಕ್ಕಳಲ್ಲಿ ಅದು ಮೋಸ ಮಾಡುತ್ತದೆ. ಕ್ಯಾಶುವಾಲ್ಟಿಯಲ್ಲಿ ಒಂದು ಸುಲಭ ಸೂತ್ರ ಇದೆ: ವಯಸ್ಸನ್ನು ಎರಡರಿಂದ ಗುಣಿಸಿ 70 ಸೇರಿಸಿ. ಆರು ವರ್ಷದ ಹುಡುಗನಿಗೆ 82. ಮೇಲಿನ ಬಿಪಿ ಅದಕ್ಕಿಂತ ಕೆಳಗೆ ಇಳಿದರೆ ಅಪಾಯ. ಆದರೆ ಮಕ್ಕಳ ಮೈ ರಕ್ತ ಹೋಗುತ್ತಿದ್ದರೂ ಬಿಪಿಯನ್ನು ಕೊನೆಯವರೆಗೂ ಹಿಡಿದಿಡುತ್ತದೆ. ಮೊದಲು ಏರುವುದು ನಾಡಿ, ಆಮೇಲೆ ಕೈಕಾಲು ತಣ್ಣಗಾಗುತ್ತದೆ. ಬಿಪಿ ಬೀಳುವಷ್ಟರಲ್ಲಿ ತುಂಬ ತಡವಾಗಿರುತ್ತದೆ. ಹತ್ತು ಕೆ.ಜಿ. ಮಗುವಿನ ಮೈಯಲ್ಲಿರುವ ರಕ್ತ ಒಟ್ಟು ಸುಮಾರು 800 ಮಿಲಿಲೀಟರ್. ನೆತ್ತಿಯ ಚರ್ಮ ಹರಿದು ಬಟ್ಟೆಯೆಲ್ಲ ತೊಯ್ದಿದ್ದರೆ ಅದರಲ್ಲಿ ಎಷ್ಟು ಹೋಯಿತು ಯೋಚಿಸಿ. ಕಾಫಿಪುಡಿ, ಅರಿಶಿನ ಮೆತ್ತಬೇಡಿ. ಶುದ್ಧ ಬಟ್ಟೆಯಲ್ಲಿ ಒತ್ತಿ ಹಿಡಿಯಿರಿ. ಮೂಳೆ ಒಳಗೆ ಕುಸಿದಂತೆ ಕಂಡರೆ ಮಾತ್ರ ಅದರ ಮೇಲೆ ಒತ್ತಬೇಡಿ, ಸುತ್ತಲೂ ಒತ್ತಿ. ಇನ್ನು ತಲೆಗೆ ಪೆಟ್ಟಾದ ದೊಡ್ಡ ಮಗುವಿನ ಬಿಪಿ ಇಳಿಯುತ್ತಿದ್ದರೆ ತಲೆಯನ್ನೇ ದಿಟ್ಟಿಸುತ್ತಾ ಕೂರಬಾರದು. ರಕ್ತ ಹೋಗುತ್ತಿರುವುದು ಹೊಟ್ಟೆಯೊಳಗೆ ಇರಬಹುದು.

ಇದಕ್ಕೆ ವಿರುದ್ಧವಾದ ಗುರುತೂ ಇದೆ. ಬಿಪಿ ಏರುತ್ತಾ ಹೋಗಿ ನಾಡಿ ಇಳಿಯುತ್ತಾ ಬಂದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ ಬುರುಡೆಯೊಳಗೆ ಒತ್ತಡ ಮಿತಿ ಮೀರಿದೆ ಅಂತ. ಆಗ ತಲೆಯನ್ನು 30 ಡಿಗ್ರಿ ಎತ್ತರಿಸಿ ನೇರ ಇಡುತ್ತಾರೆ, ಒತ್ತಡ ಇಳಿಸಲು ಶೇ 3ರ ಉಪ್ಪಿನ ದ್ರಾವಣ ಅಥವಾ ಮ್ಯಾನಿಟಾಲ್ ಕೊಡುತ್ತಾರೆ. ಇವೆರಡೂ ಅಪರೂಪದ ಔಷಧಗಳೇನಲ್ಲ. ಈ ಹುಡುಗನಿಗೂ ಸ್ಕ್ಯಾನ್ ಬೇಕು, ಆದಷ್ಟು ಬೇಗ ಬೇಕು. ಆದರೆ ಆಪರೇಷನ್ ಮಾಡುವ ಆಸ್ಪತ್ರೆಯಲ್ಲಿ ಬೇಕು. ‘ದಾರಿಯಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಹೋಗಿ’ ಅಂತ ಸರ್ಜನ್ ಇಲ್ಲದ ಊರಿನ ಸೆಂಟರ್ ಮುಂದೆ ಒಂದು ಗಂಟೆ ನಿಲ್ಲಿಸಿದರೆ, ಫಿಲ್ಮ್ ಕೈಯಲ್ಲಿರುತ್ತದೆ, ಆ ಒಂದು ಗಂಟೆ ಇರುವುದಿಲ್ಲ. ಅದಕ್ಕಿಂತ ಮುಂದಿನ ಆಸ್ಪತ್ರೆಗೆ ಒಂದು ಫೋನ್ ಮಾಡುವುದು ಮೇಲು.

ಯಾರೂ ಕೇಳಲು ಇಷ್ಟಪಡದ ಪ್ರಶ್ನೆ

ಎರಡು ತಿಂಗಳ ಕೂಸನ್ನು ತಂದು ‘ಮಂಚದಿಂದ ಉರುಳಿ ಬಿತ್ತು’ ಅಂದರೆ ಅನುಭವಿ ನರ್ಸ್ ತಲೆ ಎತ್ತಿ ನೋಡುತ್ತಾರೆ. ಎರಡು ತಿಂಗಳಿಗೆ ಮಕ್ಕಳು ಸಾಮಾನ್ಯವಾಗಿ ಮಗ್ಗಲು ಮಗುಚುವುದಿಲ್ಲ. ನಾಲ್ಕು ತಿಂಗಳೊಳಗಿನ ಕೂಸಿನ ಮೈಮೇಲೆ ಎಲ್ಲೇ ನೀಲಿ ಗುರುತು ಇದ್ದರೂ, ನಾಲ್ಕು ವರ್ಷದೊಳಗಿನ ಮಗುವಿಗೆ ಎದೆ-ಬೆನ್ನು, ಕಿವಿ, ಕುತ್ತಿಗೆಯಲ್ಲಿ ಇದ್ದರೂ ಯಾರಾದರೂ ಹೊಡೆದಿರಬಹುದಾ ಅಂತ ಡಾಕ್ಟರು ಯೋಚಿಸಬೇಕು. ಬಿದ್ದ ಮಕ್ಕಳಿಗೆ ಗಾಯ ಆಗುವುದು ಹೆಚ್ಚಾಗಿ ಹಣೆ, ಗದ್ದ, ಮೊಣಕಾಲಿಗೆ. ಅಳುವ ಕೂಸನ್ನು ಸಿಟ್ಟಿನಲ್ಲಿ ಜೋರಾಗಿ ಅಲುಗಾಡಿಸಿದರೂ ಮಿದುಳಿನ ಸುತ್ತ ರಕ್ತ ಒಸರಬಹುದು, ಹೊರಗೆ ಒಂದು ಗೀರೂ ಇಲ್ಲದೆ. ‘ನಮ್ಮ ಮನೆಗಳಲ್ಲಿ ಹಾಗೆಲ್ಲ ಆಗಲ್ಲ’ ಅನ್ನುವುದು ಸುಲಭ. ಹಾಗಂತ ಕೇಳುವ ಡಾಕ್ಟರ ಮೇಲೆ ಕೂಗಾಡಬೇಡಿ. ನನ್ನನ್ನೂ ಆ ರಾತ್ರಿ ಕೇಳಿದರು, ಬೇರೆ ಬೇರೆ ಮಾತಲ್ಲಿ ಎರಡು ಸಲ. ಆಗ ಸಿಟ್ಟು ಬಂದಿತ್ತು.

ಇನ್ನು ರಸ್ತೆಯ ವಿಷಯದಲ್ಲಿ ಕಾನೂನಿನ ಕಡೆಯಿಂದ ಕೆಲವು ಒಳ್ಳೆಯ ಕೆಲಸ ಆಗಿದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಜೊತೆ ಸವಾರನ ಮೈಗೆ ಕಟ್ಟುವ ಬೆಲ್ಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2022ರಲ್ಲಿ ಬಂದು 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಶಾಲೆಯ ಗೇಟಿನ ಮುಂದೆ ಬೆಳಗ್ಗೆ ಹತ್ತು ನಿಮಿಷ ನಿಂತು ನೋಡಿ, ಅಪ್ಪನ ತಲೆಯಲ್ಲಿ ಹೆಲ್ಮೆಟ್ ಇರುತ್ತದೆ, ಮಗನ ತಲೆಯಲ್ಲಿ ಕ್ಯಾಪ್. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇ ತಿಂಗಳಲ್ಲಿ ಬಂತು. ಆದರೆ ಇದು ವಾಹನ ಅಪಘಾತಕ್ಕೆ ಮಾತ್ರ. ಕಟಕಟೆ ಇಲ್ಲದ ತಾರಸಿಯಿಂದ ಗಾಳಿಪಟ ಹಾರಿಸುತ್ತಾ ಬಿದ್ದ ಹುಡುಗನಿಗೆ ಇದು ಸಿಗುವುದಿಲ್ಲ. ಪುಟ್ಟ ಮಕ್ಕಳ ತಲೆಗೆ ಪೆಟ್ಟಾಗುವುದು ಜಾಸ್ತಿ ಬೀಳುವುದರಿಂದಲೇ.

ಮನೆಗೆ ಬಂದ ಮೇಲೆ

ಶಾಲೆಗೆ ಹೋಗುವ ಮಕ್ಕಳಿಗೆ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಮಿದುಳು ಅಲುಗಿರಬಹುದು. ಇದನ್ನು ಕಂಕಷನ್ ಅನ್ನುತ್ತಾರೆ. ತಲೆನೋವು, ಬೆಳಕು ಕಂಡರೆ ಕಿರಿಕಿರಿ, ಓದಿದ್ದು ತಲೆಗೆ ಹತ್ತದಿರುವುದು, ಸಣ್ಣದಕ್ಕೂ ಅಳು. ಮೊದಲು ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಿದ್ದರು. ಈಗ ಆ ಸಲಹೆ ಹೋಗಿದೆ. ಒಂದೆರಡು ದಿನ ಆರಾಮ, ಆಮೇಲೆ ತಲೆನೋವು ಹೆಚ್ಚದಷ್ಟು ಓಡಾಟ, ಅರ್ಧ ದಿನದ ಶಾಲೆ, ನಂತರ ಪೂರ್ತಿ ಶಾಲೆ. ಕಬಡ್ಡಿ, ಕ್ರಿಕೆಟ್ ಕೊನೆಗೆ. ಬಿದ್ದ ದಿನವೇ ಮತ್ತೆ ಅಂಗಳಕ್ಕೆ ಇಳಿಯುವುದಂತೂ ಬೇಡ. ಹೆಚ್ಚಿನ ಮಕ್ಕಳು ಸುಮಾರು ನಾಲ್ಕು ವಾರದಲ್ಲಿ ಸರಿಹೋಗುತ್ತಾರೆ. ಈ ವಿಷಯ ಕ್ಲಾಸ್ ಟೀಚರಿಗೆ ಹೇಳಿಡಿ. ಇಲ್ಲದಿದ್ದರೆ ‘ಗಮನ ಇಲ್ಲ’ ಅಂತ ಮಗು ಬೈಸಿಕೊಳ್ಳುತ್ತದೆ.

ನಮ್ಮ ಮಗಳು ಬೆಳಗಿನ ಜಾವ ಎರಡೂವರೆಗೆ ಹೆಗಲ ಮೇಲೆ ನಿದ್ದೆ ಮಾಡುತ್ತಾ ಮನೆಗೆ ಬಂದಳು. ಮರುದಿನ ಎಲ್ಲ ಸರಿ ಇತ್ತು. ಮೂರನೇ ದಿನ ಬೆಳಗ್ಗೆ ನೋಡಿದರೆ ಎರಡೂ ಕಣ್ಣಿನ ರೆಪ್ಪೆ ನೀಲಿ! ಕಣ್ಣ ಸುತ್ತ ಕಪ್ಪಾದರೆ ಬುರುಡೆಯ ತಳ ಮುರಿದಿದೆ ಅಂತ ಅಷ್ಟರಲ್ಲಿ ಎಲ್ಲೋ ಓದಿಬಿಟ್ಟಿದ್ದೆ. ನಡುಗುವ ಕೈಯಲ್ಲಿ ಆ ಡಾಕ್ಟರಿಗೆ ಫೋನ್ ಮಾಡಿದೆ. ಫೋಟೊ ಕಳಿಸಲು ಹೇಳಿದರು. ಆಡುತ್ತಿದ್ದಾಳಾ, ತಿಂದಳಾ, ಮೂಗಲ್ಲಿ ನೀರು ಇಳಿಯುತ್ತಿದೆಯಾ ಅಂತ ಕೇಳಿದರು. ಆಮೇಲೆ ‘ಹಣೆಯ ಬುಗುಟು ಈಗ ಎಷ್ಟಿದೆ?’ ಅಂದರು. ಮುಟ್ಟಿ ನೋಡಿದೆ. ಹೆಚ್ಚುಕಡಿಮೆ ಕರಗಿಹೋಗಿತ್ತು. ‘ಅಲ್ಲಿದ್ದ ರಕ್ತ ಇಲ್ಲಿಗೆ ಇಳಿದಿದೆ. ನೀರು ಇಳಿಜಾರಿಗೆ ತಾನೇ ಹರಿಯೋದು? ಇನ್ನು ನಾಲ್ಕು ದಿನಕ್ಕೆ ಹಳದಿ ಆಗುತ್ತೆ ನೋಡಿ’ ಅಂದರು. ಐದನೇ ದಿನಕ್ಕೆ ಆಯಿತು.